ಹಲ್ಲಿನ ಡಿಜಿಟಲ್ ಎಕ್ಸ್‌-ರೇ: ಲಾಭ ರೋಗಿಯವರೆಗೂ ತಲುಪಲಿ

ಮಾನ್ಯ ಸಂಪಾದಕರೇ,

ಹಲ್ಲಿನ ಎಕ್ಸ್‌-ರೇ ಎಂದೊಡನೆ ನಮ್ಮ ಜನರಿಂದ ಎರಡು ಬಗೆಯ ಮಾತು ಕೇಳಿಬರುತ್ತದೆ. ‘ರೇಡಿಯೇಷನ್ ಬೇಡ ಡಾಕ್ಟ್ರೇ, ಹಾಗೇ ನೋಡಿ ಕಿತ್ತುಬಿಡಿ’ ಎನ್ನುವವರು ಕೆಲವರು. ‘ಈಗೆಲ್ಲ ಡಿಜಿಟಲ್, ರೇಡಿಯೇಷನ್ನೇ ಇರಲ್ಲ’ ಎಂದು ಧೈರ್ಯ ಹೇಳುವವರು ಇನ್ನು ಕೆಲವರು. ಇವರಲ್ಲಿ ಕ್ಲಿನಿಕ್ ಸಿಬ್ಬಂದಿಯೂ ಸೇರಿದ್ದಾರೆ. ಎರಡು ಮಾತೂ ತಪ್ಪು. ಡಿಜಿಟಲ್ ವಿಧಾನದಲ್ಲೂ ಬಾಯೊಳಗೆ ಹಾಯುವುದು ಅದೇ ಎಕ್ಸ್ ಕಿರಣ. ಗೋಡೆಗೆ ತೂಗುಹಾಕಿದ ಯಂತ್ರ ಎಷ್ಟೋ ಕಡೆ ಹಳೆಯದೇ ಇರುತ್ತದೆ. ಬದಲಾಗಿರುವುದು ಆ ಕಿರಣವನ್ನು ಹಿಡಿದು ಚಿತ್ರವಾಗಿಸುವ ಸಾಧನ: ಫಿಲ್ಮ್ ಬದಲು ಈಗ ಸೆನ್ಸರ್. ಅದರಿಂದ ರೋಗಿಗೆ ಆಗುವ ಉಪಯೋಗ ನಿಜಕ್ಕೂ ದೊಡ್ಡದು. ಆದರೆ ಯಂತ್ರ ಕೊಂಡ ಮಾತ್ರಕ್ಕೆ ಅದು ಕೈಗೆ ಬರುವುದಿಲ್ಲ. ಕಿರಣ ಎಷ್ಟು ಹೊತ್ತು ಬೀಳಬೇಕೆಂದು ನಿಗದಿ ಮಾಡುವ ಟೈಮರ್ ಇಳಿಸಬೇಕು, ಸೆನ್ಸರ್ ಸರಿಯಾಗಿ ಕೂರಿಸಬೇಕು, ತೆಗೆದ ಚಿತ್ರವನ್ನು ರೋಗಿಗೆ ಕೊಡಬೇಕು. ಈ ಮೂರೂ ಆಗದ ಕಡೆ ಡಿಜಿಟಲ್ ಎನ್ನುವುದು ಬೋರ್ಡಿನ ಮೇಲಿನ ಬರಹವಾಗಿಯೇ ಉಳಿಯುತ್ತದೆ.

ಹಳೆಯ ವಿಧಾನದ ಕಷ್ಟ ಏನಿತ್ತು ಎಂಬುದನ್ನು ಮೊದಲು ಹೇಳಬೇಕು. ದೊಡ್ಡವರ ಹಲ್ಲಿಗೆ ಬಳಸುವ ಫಿಲ್ಮ್ ಪೊಟ್ಟಣ 31 ಮಿಲಿಮೀಟರ್ ಅಗಲ, 41 ಮಿಲಿಮೀಟರ್ ಉದ್ದ. ಒಳಗೆ ಫಿಲ್ಮ್, ಅದನ್ನು ಸುತ್ತಿದ ಕಪ್ಪು ಕಾಗದ, ಹಿಂಬದಿಗೆ ತೆಳುವಾದ ಸೀಸದ ಹಾಳೆ. ಚಿತ್ರ ತೆಗೆದ ಮೇಲೆ ಅದನ್ನು ಕತ್ತಲಲ್ಲಿ ಬಿಚ್ಚಿ ಚಿತ್ರ ಮೂಡಿಸುವ ಡೆವಲಪರ್ ದ್ರಾವಣದಲ್ಲಿ ಅದ್ದಬೇಕು, ನೀರಲ್ಲಿ ಜಾಲಿಸಬೇಕು, ಚಿತ್ರ ಮಾಸದಂತೆ ನಿಲ್ಲಿಸುವ ಫಿಕ್ಸರ್‌ನಲ್ಲಿ ಇಡಬೇಕು, ಮತ್ತೆ ಹರಿಯುವ ನೀರಲ್ಲಿ ತೊಳೆಯಬೇಕು. ಡೆವಲಪರ್ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಸುಮಾರು 5 ನಿಮಿಷ, ಫಿಕ್ಸರ್‌ನಲ್ಲಿ 10 ನಿಮಿಷ, ತೊಳೆಯಲು ಇನ್ನೊಂದು 10ರಿಂದ 20 ನಿಮಿಷ. ಕಲಬುರಗಿ, ರಾಯಚೂರಿನ ಏಪ್ರಿಲ್ ತಿಂಗಳಲ್ಲಿ ಆ 20 ಡಿಗ್ರಿಯನ್ನು ಎಲ್ಲಿಂದ ತರುವುದು? ದ್ರಾವಣ ಬಿಸಿಯಾದಷ್ಟೂ ಫಿಲ್ಮ್ ಬೇಗ ಕಪ್ಪಾಗುತ್ತದೆ, ಮೇಲಿನ ಲೇಪ ಮೆತ್ತಗಾಗುತ್ತದೆ, ಚಿತ್ರಕ್ಕೆ ಮಬ್ಬು ಕವಿಯುತ್ತದೆ. ರೋಗಿ ಕಾಯುತ್ತಿದ್ದಾರೆಂದು ಫಿಕ್ಸರ್‌ನಿಂದ ಅರ್ಧಕ್ಕೇ ಎತ್ತಿದ ಫಿಲ್ಮ್ ಕೆಲವೇ ತಿಂಗಳಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಎರಡು ವರ್ಷದ ಹಿಂದಿನ ಚಿತ್ರದ ಜತೆ ಇವತ್ತಿನದನ್ನು ಹೋಲಿಸಬೇಕಾದಾಗ ಕೈಯಲ್ಲಿ ಏನೂ ಇರುವುದಿಲ್ಲ. ಬಳಸಿದ ಫಿಕ್ಸರ್‌ನಲ್ಲಿ ಬೆಳ್ಳಿ ಕರಗಿರುತ್ತದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ಎಕ್ಸ್‌-ರೇ ಫಿಲ್ಮ್ ತೊಳೆದ ದ್ರಾವಣ ಬೇರೆಯಾಗಿ ವಿಲೇವಾರಿ ಮಾಡಬೇಕಾದ ಹಳದಿ ವರ್ಗಕ್ಕೆ ಸೇರುತ್ತದೆ. ಅದನ್ನು ಸಿಂಕ್‌ಗೆ ಸುರಿಯುವುದು, ಸೀಸದ ಹಾಳೆಯನ್ನು ಕಸದ ಬುಟ್ಟಿಗೆ ಹಾಕುವುದು ಇನ್ನೂ ನಿಂತಿಲ್ಲ ಎಂಬುದು ಬೇಸರದ ಸಂಗತಿ.

ಈ ರಗಳೆಯನ್ನೆಲ್ಲ ತಪ್ಪಿಸಿದ್ದು ಸೆನ್ಸರ್. ಫ್ರಾನ್ಸ್‌ನ ದಂತವೈದ್ಯ ಫ್ರಾನ್ಸಿಸ್ ಮುಯೆನ್ ರೂಪಿಸಿದ ವ್ಯವಸ್ಥೆ 1987ರಲ್ಲಿ ರೇಡಿಯೋವಿಸಿಯೋಗ್ರಫಿ ಎಂಬ ಹೆಸರಿನಲ್ಲಿ ಬಳಕೆಗೆ ಬಂತು. ನಮ್ಮ ಕ್ಲಿನಿಕ್‌ಗಳಲ್ಲಿ ಯಾವ ಕಂಪನಿಯ ಸೆನ್ಸರ್ ಇದ್ದರೂ ‘ಆರ್‌ವಿಜಿ’ ಎನ್ನುವುದು ಅದರಿಂದಲೇ. ಸೆನ್ಸರ್‌ನೊಳಗೆ ಎಕ್ಸ್ ಕಿರಣವನ್ನು ಬೆಳಕಾಗಿಸುವ ಒಂದು ಪದರ, ಅದರಡಿ ಆ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಚಿಪ್ ಇರುತ್ತವೆ. ಯುಎಸ್‌ಬಿ ವೈರ್ ಮೂಲಕ ಚಿತ್ರ ಕೆಲವೇ ಸೆಕೆಂಡಿನಲ್ಲಿ ಪರದೆಗೆ ಬರುತ್ತದೆ. ಇನ್ನೊಂದು ಬಗೆ ಫಾಸ್ಫರ್ ಪ್ಲೇಟ್. ಫಿಲ್ಮ್‌ನಷ್ಟೇ ತೆಳುವಾದ, ವೈರ್ ಇಲ್ಲದ ಈ ಪ್ಲೇಟನ್ನು ಬಾಯಿಂದ ತೆಗೆದು ಸ್ಕ್ಯಾನರ್‌ಗೆ ಹಾಕಿದರೆ ಲೇಸರ್ ಅದನ್ನು ಓದುತ್ತದೆ.

ಇನ್ನು ವಿಕಿರಣದ ಲೆಕ್ಕ. ಮಣ್ಣು, ಗಾಳಿ, ಆಕಾಶ, ತಿನ್ನುವ ಅನ್ನ ಎಲ್ಲದರಿಂದ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಸಹಜವಾಗಿ ಬರುವ ವಿಕಿರಣದ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್, ಅಂದರೆ ದಿನಕ್ಕೆ ಸುಮಾರು 6.6 ಮೈಕ್ರೋಸೀವರ್ಟ್. ಒಂದೆರಡು ಹಲ್ಲಿನ ಸಣ್ಣ ಎಕ್ಸ್‌-ರೇಯನ್ನು ಕ್ರಮವಾಗಿ ತೆಗೆದರೆ ತಗಲುವುದು ಕೆಲವೇ ಮೈಕ್ರೋಸೀವರ್ಟ್, ಹೆಚ್ಚೆಂದರೆ ಒಂದು ದಿನದ ಸಹಜ ವಿಕಿರಣದಷ್ಟು. ಇಡೀ ದವಡೆಯನ್ನು ಒಂದೇ ಚಿತ್ರದಲ್ಲಿ ತೋರಿಸುವ ಓಪಿಜಿ ಎಂಬ ಎಕ್ಸ್‌-ರೇಗೆ ಕೆಲವು ದಿನಗಳಷ್ಟು. ಬಸುರಿಗೆ ಹಲ್ಲಿನಲ್ಲಿ ಕೀವಾಗಿ ಮುಖ ಊದಿಕೊಂಡಿದ್ದರೆ, ಹೊಟ್ಟೆಯ ಕಡೆ ಕಿರಣ ತಿರುಗದಂತೆ ನೋಡಿಕೊಂಡು ತೆಗೆಯುವ ಒಂದು ಸಣ್ಣ ಎಕ್ಸ್‌-ರೇಗಿಂತ ಆ ಸೋಂಕನ್ನು ಹಾಗೇ ಬಿಡುವುದೇ ಅಪಾಯ. ಹೆದರಿಕೆ ಬೇಡ ಎನ್ನುವುದು ಇಷ್ಟರ ಮಟ್ಟಿಗೆ. ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್‌ನ ಲೆಕ್ಕ ಬೇರೆ. ಅದರ ಪ್ರಮಾಣ ಯಂತ್ರ ಮತ್ತು ಚಿತ್ರದ ವ್ಯಾಪ್ತಿಗೆ ತಕ್ಕಂತೆ ಹತ್ತಾರರಿಂದ ನೂರಾರು ಮೈಕ್ರೋಸೀವರ್ಟ್‌ವರೆಗೆ ಹೋಗುತ್ತದೆ. ಇಂಪ್ಲಾಂಟ್ ಕೂರಿಸುವ ಮುನ್ನ, ಕೆಳದವಡೆಯ ನರಕ್ಕೆ ತಾಗಿ ಕೂತ ಬುದ್ಧಿಹಲ್ಲನ್ನು ತೆಗೆಯುವ ಮುನ್ನ ಅದು ಬೇಕಾಗಬಹುದು. ಸಾಮಾನ್ಯ ಹುಳುಕಿಗೆ ಖಂಡಿತ ಬೇಡ.

ಫಿಲ್ಮ್‌ಗಿಂತ ಡಿಜಿಟಲ್‌ನಲ್ಲಿ ವಿಕಿರಣ ಎಷ್ಟು ಕಡಿಮೆ? ಹೆಚ್ಚು ಕಿರಣ ಬೇಡುವ ನಿಧಾನದ ಡಿ ದರ್ಜೆ ಫಿಲ್ಮ್‌ಗೆ ಹೋಲಿಸಿದರೆ ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆ. ಕಡಿಮೆ ಕಿರಣ ಸಾಕಾಗುವ ವೇಗದ ಎಫ್ ದರ್ಜೆ ಫಿಲ್ಮ್‌ಗೆ ಹೋಲಿಸಿದರೆ ಅಂತರ ಅಷ್ಟು ದೊಡ್ಡದಲ್ಲ. ‘ಶೇ 90ರಷ್ಟು ಕಡಿಮೆ’ ಎಂದು ಜಾಹೀರಾತಿನಲ್ಲಿ ಹೇಳುವವರು ಯಾವುದಕ್ಕಿಂತ ಎಂಬುದನ್ನೂ ಹೇಳಲಿ.

ದೊಡ್ಡ ತಪ್ಪು ಆಗುವುದು ಇಲ್ಲೇ. ಫಿಲ್ಮ್‌ಗೆ ಕಿರಣ ಹೆಚ್ಚಾದರೆ ಚಿತ್ರ ಕಪ್ಪಾಗಿ ತಪ್ಪು ಕೂಡಲೇ ಕಾಣುತ್ತಿತ್ತು. ಡಿಜಿಟಲ್‌ನಲ್ಲಿ, ಅದರಲ್ಲೂ ಫಾಸ್ಫರ್ ಪ್ಲೇಟ್‌ನಲ್ಲಿ, ಬೇಕಾದ್ದಕ್ಕಿಂತ ಎರಡು ಮೂರು ಪಟ್ಟು ಕಿರಣ ಬಿದ್ದರೂ ಸಾಫ್ಟ್‌ವೇರ್ ಅದನ್ನು ಸರಿದೂಗಿಸಿ ಚೆಂದದ ಚಿತ್ರವನ್ನೇ ತೋರಿಸುತ್ತದೆ. ಕಡಿಮೆ ಬಿದ್ದರೆ ಮಾತ್ರ ಮರಳು ಎರಚಿದ ಹಾಗೆ ಕಾಳುಕಾಳಾಗಿ ಕಾಣುತ್ತದೆ. ಹೀಗಾಗಿ ಟೈಮರ್ ಏರಿಸುವ ಕೈಗೆ ಇಳಿಸುವ ಕಾರಣ ಸಿಗುವುದೇ ಇಲ್ಲ. ಫಿಲ್ಮ್‌ಗೆ ಅರ್ಧ ಸೆಕೆಂಡಿನ ಸುತ್ತ ಇಟ್ಟಿದ್ದ ಟೈಮರನ್ನು ಸೆನ್ಸರ್ ಬಂದ ಮೇಲೂ ಹಾಗೇ ಬಿಟ್ಟಿರುವ ಕ್ಲಿನಿಕ್‌ನಲ್ಲಿ ರೋಗಿಗೆ ಒಂದು ಮೈಕ್ರೋಸೀವರ್ಟ್ ಕೂಡ ಉಳಿದಿಲ್ಲ.

ಸರಿಪಡಿಸಲು ಅರ್ಧ ಗಂಟೆ ಸಾಕು. ಕಿತ್ತ ದವಡೆ ಹಲ್ಲೊಂದನ್ನು ಶುದ್ಧ ಮಾಡಿ ಪ್ಲಾಸ್ಟರ್‌ನಲ್ಲಿ ಕೂರಿಸಿ, ಸೆನ್ಸರ್ ಮುಂದೆ ಇಟ್ಟು, ಈಗಿರುವ ಸಮಯದಿಂದ ಶುರು ಮಾಡಿ ಒಂದೊಂದೇ ಮೆಟ್ಟಿಲು ಇಳಿಸುತ್ತ ಚಿತ್ರ ತೆಗೆಯುತ್ತ ಹೋಗಬೇಕು. ಹಲ್ಲಿನ ಹೊರಪದರ ಎನಾಮೆಲ್ ಮತ್ತು ಅದರೊಳಗಿನ ಪದರ ಡೆಂಟಿನ್ ನಡುವಿನ ಗೆರೆ, ಬೇರಿನ ತುದಿ ಸ್ಪಷ್ಟವಾಗಿದ್ದು, ಕಾಳು ಶುರುವಾಗುವುದಕ್ಕೆ ಒಂದು ಮೆಟ್ಟಿಲು ಮುಂಚಿನ ಸಮಯವೇ ಸರಿಯಾದ ಸಮಯ. ಬಾಯಲ್ಲಿ ಕೆನ್ನೆ, ತುಟಿಯ ದಪ್ಪವೂ ಸೇರುವುದರಿಂದ ಸ್ವಲ್ಪ ಹೆಚ್ಚು ಬೇಕಾಗಬಹುದು. 60ರಿಂದ 70 ಕಿಲೋವೋಲ್ಟ್‌ನ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ 0.1ರಿಂದ 0.2 ಸೆಕೆಂಡಿನ ಆಸುಪಾಸು ಬರುತ್ತದೆ. ಕೆಳಗಿನ ಮುಂದಿನ ಹಲ್ಲಿಗೆ ಕಡಿಮೆ, ಮೇಲಿನ ದವಡೆ ಹಲ್ಲಿಗೆ ಹೆಚ್ಚು, ಮಕ್ಕಳಿಗೆ ಇನ್ನೂ ಕಡಿಮೆ. ಈ ಪಟ್ಟಿಯನ್ನು ಬರೆದು ಸ್ವಿಚ್ಚಿನ ಪಕ್ಕ ಅಂಟಿಸಿದರೆ ಹೊಸದಾಗಿ ಬಂದ ಸಹಾಯಕಿಗೂ ಗೊಂದಲವಿರದು.

ಯಂತ್ರದಿಂದ ಕಿರಣ ಹೊರಬರುವ ಕೊಳವೆಯಾದ ಕೋನ್‌ನ ಆಕಾರವೂ ಅಷ್ಟೇ ಮುಖ್ಯ. ನಮ್ಮಲ್ಲಿ ಹೆಚ್ಚಾಗಿ ಇರುವುದು 6 ಸೆಂಟಿಮೀಟರ್ ವ್ಯಾಸದ ದುಂಡು ಕೋನ್. ಅದರ ಬಾಯಿಯ ವಿಸ್ತೀರ್ಣ ಸುಮಾರು 28 ಚದರ ಸೆಂಟಿಮೀಟರ್. ಫಿಲ್ಮಿನದು 13ರ ಒಳಗೆ, ಸೆನ್ಸರ್‌ನದು ಅದಕ್ಕಿಂತಲೂ ಕಡಿಮೆ. ಅಂದರೆ ಅರ್ಧಕ್ಕಿಂತ ಹೆಚ್ಚು ಕಿರಣ ಚಿತ್ರಕ್ಕೆ ಸೇರದೆ ಸುಮ್ಮನೆ ಮುಖದ ಮೇಲೆ ಬೀಳುತ್ತದೆ. ಆಯತಾಕಾರದ ಕೋನ್ ಹಾಕಿದರೆ ಇದು ತಪ್ಪುತ್ತದೆ. ಸೆನ್ಸರ್ ಕೊಳ್ಳಲು ಲಕ್ಷದ ಲೆಕ್ಕದಲ್ಲಿ ಖರ್ಚು ಮಾಡುವವರು ಈ ಸಣ್ಣ ಭಾಗವನ್ನು ಯಾಕೆ ಬಿಡುತ್ತಾರೋ ತಿಳಿಯದು. ಅಮೆರಿಕದ ದಂತವೈದ್ಯರ ಸಂಘ 2024ರಲ್ಲಿ ಸೀಸದ ಏಪ್ರನ್, ಕುತ್ತಿಗೆಗೆ ಕಟ್ಟುವ ಥೈರಾಯ್ಡ್ ಪಟ್ಟಿ ಇನ್ನು ಅಗತ್ಯವಿಲ್ಲ ಎಂದಿದ್ದನ್ನು ಹಲವರು ಉಲ್ಲೇಖಿಸುತ್ತಾರೆ. ಅದೇ ಶಿಫಾರಸಿನಲ್ಲಿ ಆಯತ ಕೋನ್ ಬಳಸಿ, ಫಿಲ್ಮ್ ಬದಲು ಡಿಜಿಟಲ್ ಬಳಸಿ ಎಂದೂ ಇದೆ. ದುಂಡು ಕೋನ್ ಇಟ್ಟುಕೊಂಡಿರುವ ಕಡೆ, ಅದರಲ್ಲೂ ಮಕ್ಕಳಿಗೆ, ಥೈರಾಯ್ಡ್ ಪಟ್ಟಿ ತೆಗೆದುಹಾಕುವ ಅವಸರ ಬೇಡ ಎಂಬುದು ನಮ್ಮ ಅಭಿಪ್ರಾಯ. ಓಪಿಜಿಯಲ್ಲಿ ಮಾತ್ರ ಆ ಪಟ್ಟಿ ಹಾಕಬಾರದು. ಅದರ ನೆರಳು ದವಡೆಯ ಮೇಲೇ ಬರುತ್ತದೆ.

ಚಿಕಿತ್ಸೆಯಲ್ಲಿ ಡಿಜಿಟಲ್‌ನ ಬೆಲೆ ಚೆನ್ನಾಗಿ ತಿಳಿಯುವುದು ರೂಟ್ ಕೆನಾಲ್‌ನಲ್ಲಿ. ಶುರುವಿಗೆ ಒಂದು ಚಿತ್ರ, ಬೇರಿನ ಉದ್ದ ಅಳೆಯಲು ಫೈಲ್ ಎಂಬ ಸೂಜಿಯಂಥ ಉಪಕರಣ ಇಟ್ಟು ಒಂದು, ತುಂಬುವ ಗಟ್ಟಾ ಪರ್ಚಾ ಕಡ್ಡಿ ಸರಿಯಾಗಿ ಕೂತಿದೆಯೇ ಎಂದು ಒಂದು, ಮುಗಿದ ಮೇಲೆ ಒಂದು. ಕಡಿಮೆಯೆಂದರೂ ನಾಲ್ಕು. ಫಿಲ್ಮ್‌ನಲ್ಲಾದರೆ ಪ್ರತಿ ಸಲವೂ ರೋಗಿ ಬಾಯಿ ತೆರೆದು, ಹಲ್ಲಿನ ಸುತ್ತ ಕೂರಿಸುವ ರಬ್ಬರ್ ಹಾಳೆ (ರಬ್ಬರ್ ಡ್ಯಾಮ್) ಹಾಕಿಕೊಂಡು ಕಾಯಬೇಕು. ಹಾಗಾಗಿ ಎಷ್ಟೋ ಕಡೆ ನಡುವಿನ ಚಿತ್ರಗಳನ್ನೇ ಬಿಟ್ಟುಬಿಡುತ್ತಿದ್ದರು. ತುಂಬಿದ್ದು ಬೇರಿನ ತುದಿಗಿಂತ ಬಹಳ ಮೇಲೆಯೇ ನಿಂತರೆ ಕೆಳಗೆ ಉಳಿದ ಸೋಂಕು ಮತ್ತೆ ಕೀವಾಗುತ್ತದೆ. ತುದಿ ದಾಟಿದರೆ ಮೂಳೆಗೆ ಚುಚ್ಚುತ್ತದೆ. ಚಿತ್ರದಲ್ಲಿ ಕಾಣುವ ತುದಿಗಿಂತ ಅರ್ಧದಿಂದ ಒಂದು ಮಿಲಿಮೀಟರ್ ಒಳಗೆ ನಿಲ್ಲಿಸುವುದು ಗುರಿ. ಸೆನ್ಸರ್ ಬಾಯೊಳಗೆ ಇರುವಾಗಲೇ ಚಿತ್ರ ಕಂಡರೆ ಇದನ್ನು ಅಲ್ಲೇ ತಿದ್ದಬಹುದು. ಮೇಲಿನ ಮೊದಲ ದವಡೆ ಹಲ್ಲಿನ ಕೆನ್ನೆಯ ಬದಿಯ ಮುಂದಿನ ಬೇರಿನಲ್ಲಿ ಎಷ್ಟೋ ಸಲ ಎರಡು ನಾಳಗಳಿರುತ್ತವೆ. ನೇರ ಚಿತ್ರದಲ್ಲಿ ಒಂದರ ಮೇಲೊಂದು ಕೂತು ಒಂದೇ ಎನಿಸುತ್ತದೆ. ಕೋನನ್ನು ಅಡ್ಡಕ್ಕೆ 15ರಿಂದ 20 ಡಿಗ್ರಿ ಸರಿಸಿ ಇನ್ನೊಂದು ಚಿತ್ರ ತೆಗೆದರೆ ಎರಡೂ ಬೇರೆಯಾಗುತ್ತವೆ. ಕೋನ್ ಸರಿದ ದಿಕ್ಕಿಗೇ ಸರಿದದ್ದು ಅಂಗುಳಿನ ಬದಿಯದು, ಎದುರು ದಿಕ್ಕಿಗೆ ಸರಿದದ್ದು ಕೆನ್ನೆಯ ಬದಿಯದು. ಬೇರಿನ ಉದ್ದ ಅಳೆಯಲು ಏಪೆಕ್ಸ್ ಲೊಕೇಟರ್ ಎಂಬ ಉಪಕರಣ ಇದ್ದರೂ ನಾಳ ಎರಡಾಗಿರುವುದನ್ನು ತೋರಿಸುವುದು ಚಿತ್ರವೇ.

ಎರಡು ಹಲ್ಲುಗಳ ಸಂದಿಯ ಹುಳುಕಿಗೆ, ಮೇಲಿನ ಕೆಳಗಿನ ಹಲ್ಲು ಒಟ್ಟಿಗೆ ಕಾಣುವಂತೆ ಕಚ್ಚಿಸಿ ತೆಗೆಯುವ ಬೈಟ್‌ವಿಂಗ್ ಚಿತ್ರಕ್ಕೆ ಸಮನಾದುದಿಲ್ಲ. ನಮ್ಮಲ್ಲಿ ಅದನ್ನು ತೆಗೆಯುವುದೇ ಕಡಿಮೆ. ನೋವು ಬಂದ ಮೇಲೆ ಬೇರಿನ ಚಿತ್ರ ತೆಗೆಯುವುದು ರೂಢಿ. ಹುಳುಕು ಬೇಗ ಹತ್ತುವ ಮಕ್ಕಳಲ್ಲಿ 6ರಿಂದ 12 ತಿಂಗಳಿಗೊಮ್ಮೆ, ಹುಳುಕಿನ ತೊಂದರೆ ಇಲ್ಲದ ದೊಡ್ಡವರಲ್ಲಿ 24ರಿಂದ 36 ತಿಂಗಳಿಗೊಮ್ಮೆ ಸಾಕು. ಪ್ರತಿ ಭೇಟಿಗೂ ಬೇಡ, ಬಾಯಿ ನೋಡುವ ಮೊದಲೇ ತೆಗೆಯುವುದಂತೂ ಸರ್ವಥಾ ಬೇಡ. ಎಕ್ಸ್‌-ರೇಗೂ ಮಿತಿಯಿದೆ. ಹಲ್ಲಿನ ಖನಿಜಾಂಶ ಶೇ 30ರಿಂದ 40ರಷ್ಟು ಕರಗುವವರೆಗೆ ಹುಳುಕು ಚಿತ್ರದಲ್ಲಿ ಕಾಣುವುದಿಲ್ಲ. ಡಿಜಿಟಲ್ ಆದರೂ ಈ ಮಿತಿ ಬದಲಾಗದು. ಸಾಫ್ಟ್‌ವೇರ್‌ನಲ್ಲಿ ಅಂಚನ್ನು ಚುರುಕುಗೊಳಿಸುವ ಗುಂಡಿಯನ್ನು ಅತಿಯಾಗಿ ಬಳಸಿದರೆ ಹಳೆಯ ಫಿಲ್ಲಿಂಗ್‌ನ ಕೆಳಗೆ ಇಲ್ಲದ ಕಪ್ಪು ಗೆರೆ ಮೂಡುತ್ತದೆ. ಅದನ್ನೇ ಹುಳುಕೆಂದು ನಂಬಿ ಗಟ್ಟಿಯಾಗಿರುವ ಫಿಲ್ಲಿಂಗ್ ಬಿಚ್ಚಿಸುವುದು ಅನ್ಯಾಯ. ಮೊದಲು ಮೂಲ ಚಿತ್ರ ನೋಡಿ, ಆಮೇಲೆ ಗುಂಡಿ ಮುಟ್ಟಬೇಕು.

ಸೆನ್ಸರ್‌ಗೆ ತನ್ನದೇ ಕಷ್ಟಗಳಿವೆ. ಅದು ಫಿಲ್ಮ್‌ನಂತೆ ಬಾಗುವುದಿಲ್ಲ, ದಪ್ಪ 5ರಿಂದ 7 ಮಿಲಿಮೀಟರ್, ಚಿತ್ರ ಹಿಡಿಯುವ ಜಾಗ ಹೊರ ಅಳತೆಗಿಂತ ಚಿಕ್ಕದು. ಕೋರೆಹಲ್ಲಿನ ಉದ್ದ ಬೇರಿನ ತುದಿ, ಬುದ್ಧಿಹಲ್ಲಿನ ಹಿಂಭಾಗ ಕತ್ತರಿಸಿಹೋಗುವುದು ಇದರಿಂದಲೇ. ಮತ್ತೆ ತೆಗೆಯುವುದು ಸುಲಭವೆಂದು ಮೂರು ನಾಲ್ಕು ಸಲ ಒತ್ತಿದರೆ ಉಳಿಸಿದ ವಿಕಿರಣವೆಲ್ಲ ಅಲ್ಲಿಗೇ ಹೋಯಿತು. ಬೆರಳಲ್ಲಿ ಒತ್ತಿ ಹಿಡಿಯಿರಿ ಎಂದು ರೋಗಿಗೆ ಹೇಳುವ ರೂಢಿ ಹೋಗಬೇಕು: ಬೆರಳಿಗೆ ಕಿರಣ, ಸೆನ್ಸರ್‌ಗೆ ಓಲಾಟ, ಚಿತ್ರದಲ್ಲಿ ಹಲ್ಲು ಉದ್ದುದ್ದ ಇಲ್ಲವೇ ಗಿಡ್ಡ. ಕಚ್ಚಿ ಹಿಡಿಯುವ ಹೋಲ್ಡರ್, ಅದರ ಉಂಗುರಕ್ಕೆ ಕೋನ್ ತಾಗಿಸಿದರೆ ಕೋನವೂ ಸರಿ, ಮತ್ತೆ ತೆಗೆಯುವ ಕೆಲಸವೂ ಕಡಿಮೆ. ಸಿಬ್ಬಂದಿ ಯಾರೂ ರೋಗಿಯ ಬಾಯೊಳಗೆ ಕೈಯಿಟ್ಟು ಹಿಡಿಯಲೇಬಾರದು. ಸ್ವಿಚ್ ಒತ್ತುವವರು ಕಿರಣದ ದಾರಿಯಿಂದ ಪಕ್ಕಕ್ಕೆ ಕನಿಷ್ಠ ಎರಡು ಮೀಟರ್ ದೂರ ನಿಲ್ಲಬೇಕು.

ಗುಟ್ಕಾ, ಅಡಿಕೆ ಜಗಿದು ಬಾಯಿ ಬಿಗಿದುಕೊಂಡವರು ನಮ್ಮ ಆಸ್ಪತ್ರೆಗಳಿಗೆ ಬಹಳ ಬರುತ್ತಾರೆ. ಎರಡು ಬೆರಳೂ ಹೋಗದ ಬಾಯಿಗೆ ಸೆನ್ಸರ್ ತುರುಕುವುದು ಹಿಂಸೆ. ಅವರಿಗೆ ತೆಳು ಫಾಸ್ಫರ್ ಪ್ಲೇಟ್ ಅಥವಾ ಹೊರಗಿನಿಂದ ತೆಗೆಯುವ ಓಪಿಜಿ ಸರಿ. ಪ್ಲೇಟಿಗೆ ಗೀರು ಬಿದ್ದರೆ ಪ್ರತಿ ಚಿತ್ರದಲ್ಲೂ ಬಿಳಿ ಗೆರೆ ಕಾಣುತ್ತದೆ. ಸ್ಕ್ಯಾನ್‌ಗೆ ಮುನ್ನ ಬೆಳಕಿಗೆ ಬಿಟ್ಟರೆ ಚಿತ್ರ ಮಾಸುತ್ತದೆ. ಓಪಿಜಿಗೆ ನಿಲ್ಲುವ ಮುನ್ನ ಓಲೆ, ಮೂಗುತಿ, ಸರ, ಹೇರ್‌ಪಿನ್, ಕಟ್ಟಿಸಿಕೊಂಡ ಹಲ್ಲಿನ ಸೆಟ್ ಎಲ್ಲವನ್ನೂ ತೆಗೆಯಬೇಕು. ಒಂದು ಕಿವಿಯ ಓಲೆಯ ಮಸುಕು ನೆರಳು ಎದುರು ಬದಿಯ ದವಡೆಯ ಮೇಲೆ ಬಂದು ಕೂರುತ್ತದೆ. ಯಂತ್ರ ಸುತ್ತುವ ಹತ್ತಿಪ್ಪತ್ತು ಸೆಕೆಂಡು ನಾಲಿಗೆಯನ್ನು ಅಂಗುಳಿಗೆ ಒತ್ತಿ ಹಿಡಿಯದಿದ್ದರೆ ಮೇಲಿನ ಮುಂದಿನ ಹಲ್ಲುಗಳ ಬೇರಿನ ಮೇಲೆ ಕಪ್ಪು ಪಟ್ಟೆ ಬರುತ್ತದೆ. ರೋಗಿಗೆ ಇದನ್ನು ಮೊದಲೇ ಒಮ್ಮೆ ಮಾಡಿ ತೋರಿಸಿದರೆ ಸಾಕು.

ಶುಚಿತ್ವದ ಒಂದು ಮಾತು. ಸೆನ್ಸರನ್ನು ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ನಲ್ಲಿ ಬೇಯಿಸಲಾಗದು. ಪ್ರತಿ ರೋಗಿಗೂ ಹೊಸ ಪ್ಲಾಸ್ಟಿಕ್ ಕವಚ, ವೈರ್ ಕೂಡ ಒಂದಷ್ಟು ಉದ್ದ ಮುಚ್ಚುವಂತೆ ಹಾಕಬೇಕು. ತೆಗೆದ ಮೇಲೆ ತಯಾರಕರು ಹೇಳಿದ ದ್ರಾವಣದಿಂದ ಒರೆಸಬೇಕು. ಹೋಲ್ಡರ್ ಆಟೋಕ್ಲೇವ್ ಆಗಬೇಕು. ಕವಚ ಬದಲಿಸುವುದನ್ನು ಕಣ್ಣಾರೆ ನೋಡುವ, ಬದಲಿಸದಿದ್ದರೆ ಕೇಳುವ ಹಕ್ಕು ಕುರ್ಚಿಯಲ್ಲಿ ಕೂತವರಿಗಿದೆ.

ಚಿತ್ರ ಯಾರದು ಎಂಬ ವಿಷಯಕ್ಕೆ ಬಂದರೆ ನಮಗೆ ಬಹಳ ಬೇಸರವಾಗುತ್ತದೆ. ಊರು ಬದಲಿಸಿದ ರೋಗಿ ಹೊಸ ವೈದ್ಯರ ಬಳಿ ಅದೇ ಹಲ್ಲಿಗೆ ಮತ್ತೆ ಎಕ್ಸ್‌-ರೇ ತೆಗೆಸಿಕೊಳ್ಳುತ್ತಾರೆ, ಹಳೆಯ ಚಿತ್ರ ಹಳೆಯ ಕ್ಲಿನಿಕ್‌ನ ಕಂಪ್ಯೂಟರ್‌ನಲ್ಲೇ ಉಳಿದಿರುತ್ತದೆ. ಸಾದಾ ಹಾಳೆಯ ಪ್ರಿಂಟ್‌ನಲ್ಲಿ ಬೂದು ಬಣ್ಣದ ಸೂಕ್ಷ್ಮಗಳು ಉಳಿಯುವುದಿಲ್ಲ. ಪರದೆಯನ್ನು ಮೊಬೈಲ್‌ನಲ್ಲಿ ಫೋಟೊ ಹೊಡೆದರೆ ಅಲೆಅಲೆಯಾದ ಗೆರೆಗಳು ಸೇರಿಕೊಳ್ಳುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಚಿತ್ರವನ್ನು ಹಿಂಡಿ ಕುಗ್ಗಿಸುತ್ತದೆ. ಸಾಫ್ಟ್‌ವೇರ್‌ನಿಂದಲೇ ಎಕ್ಸ್‌ಪೋರ್ಟ್ ಮಾಡಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ತಲುಪುತ್ತದೆ; ಸಿಬಿಸಿಟಿ ಆದರೆ ವೈದ್ಯಕೀಯ ಚಿತ್ರಗಳ ಮೂಲ ರೂಪವಾದ ಡೈಕಾಮ್ ಫೈಲ್‌ಗಳನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಡಬೇಕು. ಫೈಲ್ ಜತೆ ಹೆಸರು, ದಿನಾಂಕ, ಯಾವ ಹಲ್ಲು ಎಂಬುದಿರಲಿ. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿಸಿ ಉಳಿಸಿದರೆ ಎಡದ ಹಲ್ಲು ಬಲದ್ದಾಗುತ್ತದೆ. ಕೀಳುವ ಹೊತ್ತಿಗೆ ಅದರ ಪರಿಣಾಮ ಏನೆಂದು ಬಿಡಿಸಿ ಹೇಳಬೇಕಿಲ್ಲ. ಹಾರ್ಡ್‌ಡಿಸ್ಕ್ ಒಮ್ಮೆ ಕೆಟ್ಟರೆ ವರ್ಷಗಳ ದಾಖಲೆ ಹೋಗುತ್ತದೆ, ಆದ್ದರಿಂದ ಬೇರೆ ಜಾಗದಲ್ಲೊಂದು ಪ್ರತಿ ಇಡುವುದು ಕಡ್ಡಾಯವೆಂದೇ ತಿಳಿಯಬೇಕು.

ಎಕ್ಸ್‌-ರೇ ಯಂತ್ರ ಯಾವುದೇ ಇರಲಿ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಾದರಿ ಅನುಮೋದನೆ ಇರಬೇಕು, ಅದರ ಇ-ಲೋರಾ ಎಂಬ ಜಾಲತಾಣದಲ್ಲಿ ಅನುಮತಿ ಪಡೆದಿರಬೇಕು, ಎರಡು ವರ್ಷಕ್ಕೊಮ್ಮೆ ಗುಣಮಟ್ಟದ ಪರೀಕ್ಷೆ ಆಗಬೇಕು. ಕ್ಯಾಮೆರಾದಂತೆ ಕೈಯಲ್ಲಿ ಹಿಡಿದು ಒತ್ತುವ ಅಗ್ಗದ ಯಂತ್ರಗಳು ಆನ್‌ಲೈನ್‌ನಲ್ಲಿ ಬರುತ್ತಿರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ಅನುಮೋದನೆ ಇಲ್ಲದವುಗಳಲ್ಲಿ ಒಳಗಿನ ಸೀಸದ ಹೊದಿಕೆ ಸಾಲದಿದ್ದರೆ ಹಿಡಿದವರ ಕೈಗೇ ದಿನವೂ ಕಿರಣ ಬೀಳುತ್ತದೆ.

ಕೊನೆಯದಾಗಿ ಆರೋಗ್ಯ ಇಲಾಖೆಗೆ ನಮ್ಮ ಕೋರಿಕೆ. ತಾಲ್ಲೂಕು ಆಸ್ಪತ್ರೆಗಳ ದಂತ ವಿಭಾಗಗಳಲ್ಲಿ ಇನ್ನೂ ಫಿಲ್ಮ್ ಬಳಸುತ್ತಿರುವ ಕಡೆ ಸೆನ್ಸರ್ ಕೊಡಿ. ಎಕ್ಸ್‌-ರೇ ಇದ್ದರೆ ಉಳಿಯಬಹುದಾದ ಹಲ್ಲುಗಳನ್ನು ಬಡವರು ಕೀಳಿಸಿಕೊಂಡು ಹೋಗುವುದು ತಪ್ಪಲಿ. ಟೆಂಡರ್ ಬರೆಯುವಾಗ ಸೆನ್ಸರ್ ಎಂದಷ್ಟೇ ಬರೆದು ಬಿಡಬೇಡಿ. ದೊಡ್ಡವರ ಅಳತೆಯದೊಂದು, ಮಕ್ಕಳ ಅಳತೆಯದೊಂದು, ಎರಡಕ್ಕೂ ಹೊಂದುವ ಹೋಲ್ಡರ್ ಕನಿಷ್ಠ ಎರಡೆರಡು ಸೆಟ್, ಆಯತ ಕೋನ್, ಒಂದು ವರ್ಷಕ್ಕಾಗುವಷ್ಟು ಕವಚ, 0.1 ಸೆಕೆಂಡಿಗಿಂತ ಕೆಳಗೂ ಹೊಂದಿಸಬಹುದಾದ ಎಲೆಕ್ಟ್ರಾನಿಕ್ ಟೈಮರ್, ಕರೆಂಟ್ ಹೋದಾಗ ಕಂಪ್ಯೂಟರ್ ನಿಲ್ಲದಂತೆ ಯುಪಿಎಸ್ ಇವೆಲ್ಲ ಅದರಲ್ಲಿ ಸೇರಲಿ. ಸೆನ್ಸರ್‌ನಲ್ಲಿ ಮೊದಲು ಕೆಡುವುದು ವೈರ್ ಸೇರುವ ಬುಡ. ಮಡಚಿ ಸುತ್ತಿಟ್ಟರೆ, ರೋಗಿ ವೈರ್ ಕಚ್ಚಿದರೆ, ಕೈತಪ್ಪಿ ನೆಲಕ್ಕೆ ಬಿದ್ದರೆ ಚಿತ್ರ ಬರುವುದು ನಿಲ್ಲುತ್ತದೆ. ವಾರಂಟಿಯಲ್ಲಿ ವೈರ್ ಕೂಡ ಸೇರಿದೆಯೇ, ದುರಸ್ತಿಗೆ ಕಳಿಸಿದಾಗ ಬದಲಿ ಸೆನ್ಸರ್ ಎಷ್ಟು ದಿನದಲ್ಲಿ ಬರುತ್ತದೆ ಎಂಬುದು ಒಪ್ಪಂದದಲ್ಲಿ ಬರಹದಲ್ಲಿರಲಿ. ಅಲ್ಲಿನ ದಂತವೈದ್ಯರಿಗೂ ಸಹಾಯಕರಿಗೂ ಹೋಲ್ಡರ್ ಹಿಡಿಯುವುದು, ಟೈಮರ್ ಇಳಿಸುವುದು ಎರಡನ್ನು ಕಲಿಸಲು ಹತ್ತಿರದ ದಂತ ಕಾಲೇಜಿನ ರೇಡಿಯಾಲಜಿ ವಿಭಾಗದಿಂದ ಒಂದು ದಿನದ ತರಬೇತಿ ಸಾಕು. ಯಂತ್ರ ಬರುವ ವಾರವೇ ಅದು ನಡೆಯಲಿ.

ಇತಿ ತಮ್ಮ ವಿಶ್ವಾಸಿಗಳು,
ಓರಲ್ ಮೆಡಿಸಿನ್ ಮತ್ತು ರೇಡಿಯಾಲಜಿ ಬೋಧಿಸುವ ಕೆಲವು ದಂತವೈದ್ಯರು,
ಧಾರವಾಡ